ಒಂದೇ ಚಿತ್ರ, ಎರಡು ಅಭಿಪ್ರಾಯ

ವಿಮರ್ಶೆಯೆಂಬುದು ಪಂಡಿತರ ಸೊತ್ತೆಂದು ನಮ್ಮ ಶಾಲೆಗಳ ಮಕ್ಕಳು ಭಾವಿಸಿರುವಂತೆ ಕಾಣುತ್ತದೆ. 'ನೀವು ನೋಡಿದ ಒಂದು ಚಲಚ್ಚಿತ್ರವನ್ನು ಕುರಿತು ಪ್ರಬಂಧ ಬರೆಯಿರಿ' ಎಂದು ಹೇಳಿದರೆ ಹೆಚ್ಚಿನ ಪುಸ್ತಕಗಳಲ್ಲಿ ಮೊದಲಿಂದ ಕೊನೆಯವರೆಗೆ ಕಥೆಯ ಸಾರಾಂಶವೇ ತುಂಬಿರುತ್ತದೆ. ಅದು ಮುಗಿದಲ್ಲಿ 'ಚಿತ್ರವು ಬಹಳ ಸೊಗಸಾಗಿದೆ, ಎಲ್ಲರೂ ನೋಡತಕ್ಕದ್ದು' ಎಂಬ ಒಂದು ವಾಕ್ಯ. ಆ ವಾಕ್ಯವನ್ನು ನಾವು ಸುಳ್ಳೆನ್ನುವುದಿಲ್ಲ. ಮಗುವಿಗೆ ಚಿತ್ರವು ಸೊಗಸಾಗಿಯೇ ಕಂಡಿರಬಹುದು. ಆದರೆ 'ಎಲ್ಲಿ ಸೊಗಸು? ಯಾವ ದೃಶ್ಯದಲ್ಲಿ?' ಎಂದು ಕೇಳುವವರೊಬ್ಬರು ಪಕ್ಕದಲ್ಲಿ ಕುಳಿತಿದ್ದರೆ ಆ ವಾಕ್ಯವು ಅಲ್ಲಿಗೇ ನಿಲ್ಲುತ್ತಿರಲಿಲ್ಲ.

ನಮಗೆ ಅಂಥವರೊಬ್ಬರು ಹುಟ್ಟಿನಿಂದಲೇ ದೊರೆತಿದ್ದಾರೆ. ನಾವು ಅಕ್ಕತಂಗಿಯರು. ಇಬ್ಬರೂ ಕಾಸರಗೋಡು ಸೀಮೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳುವವರು. ಹಿರಿಯಳದು ಕನ್ನಡ, ಕಿರಿಯಳದು ಗಣಿತ. ಪ್ರತಿ ಶನಿವಾರ ರಾತ್ರಿ ಊಟವಾದ ಬಳಿಕ ಮನೆಯ ಟೀವಿಯಲ್ಲಿ ಒಂದು ಚಿತ್ರವನ್ನು ನೋಡುವುದು ನಮ್ಮ ಪದ್ಧತಿ. ಚಿತ್ರ ಮುಗಿದೊಡನೆ ಮಾತನಾಡಕೂಡದು. ಇಬ್ಬರೂ ತಮ್ಮ ತಮ್ಮ ನೋಟುಪುಸ್ತಕದಲ್ಲಿ ಅರ್ಧ ಪುಟದಷ್ಟು ಬರೆದು, ಮರುದಿನ ಬೆಳಗ್ಗಿನ ಕಾಫಿಯ ಹೊತ್ತಿಗೆ ಪುಸ್ತಕಗಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಈ ಕಟ್ಟಳೆಯನ್ನು ವಿಧಿಸಿದವಳು ಕಿರಿಯಳು. ಅಕ್ಕನ ಮಾತನ್ನು ಮೊದಲು ಕೇಳಿದರೆ ತನ್ನ ಅಭಿಪ್ರಾಯವು ಅದರ ನೆರಳಾಗಿಬಿಡುತ್ತದೆಂಬುದು ಅವಳ ವಾದ. ಮನೆಯಲ್ಲಿ ಎರಡನೆಯವರಾಗಿ ಹುಟ್ಟಿದವರೆಲ್ಲ ಇದನ್ನು ಒಪ್ಪಿಯಾರು.

ಕಳೆದ ಬೇಸಗೆಯ ರಜೆಯಲ್ಲಿ ನಾವು ನಾಲ್ಕು ವಾರ ಬೇರೆ ಯಾವ ಚಿತ್ರವನ್ನೂ ನೋಡದೆ, ಕನ್ನಡದ ಇಬ್ಬರು ಲೇಖಕಿಯರ ಕಾದಂಬರಿಗಳಿಂದಾದ ನಾಲ್ಕು ಚಿತ್ರಗಳನ್ನು ಸಾಲಾಗಿ ನೋಡಿದೆವು. ತ್ರಿವೇಣಿಯವರ ಕಾದಂಬರಿಗಳಿಂದಾದ 'ಬೆಳ್ಳಿಮೋಡ' (1967) ಮತ್ತು 'ಶರಪಂಜರ' (1971), ಎಂ. ಕೆ. ಇಂದಿರಾ ಅವರ ಕಾದಂಬರಿಗಳಿಂದಾದ 'ಗೆಜ್ಜೆಪೂಜೆ' (1969) ಮತ್ತು 'ಫಣಿಯಮ್ಮ' (1983). ಮೊದಲ ಮೂರನ್ನು ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್. ಆ ಮೂರರಲ್ಲಿಯೂ ಕಥಾನಾಯಿಕೆ ಕಲ್ಪನಾ. ನಾಲ್ಕನೆಯದರ ನಿರ್ದೇಶಕಿ ಪ್ರೇಮಾ ಕಾರಂತ. ನಾಲ್ಕರ ವಿಷಯದಲ್ಲಿಯೂ ನಾವು ಒಂದೇ ಮಾತನ್ನು ಆಡಲಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ತ್ರಿವೇಣಿಯವರನ್ನು ಕುರಿತು ಎರಡು ಮಾತು ಅವಶ್ಯ. 1928ರಲ್ಲಿ ಹುಟ್ಟಿದ ಅನಸೂಯಾ ಶಂಕರ್ ಅವರೇ 'ತ್ರಿವೇಣಿ'. ಮನಃಶಾಸ್ತ್ರದ ಅಭ್ಯಾಸವುಳ್ಳವರು, ನಮ್ಮ ಮನೆಗಳ ಒಳಕೋಣೆಗಳಲ್ಲಿ ಹೆಂಗಸರು ಅನುಭವಿಸುತ್ತಿದ್ದ, ಆದರೆ ಹೆಸರಿಟ್ಟು ಹೇಳದಿದ್ದ ಮನೋವ್ಯಥೆಗಳನ್ನು ಕನ್ನಡ ಕಾದಂಬರಿಗೆ ತಂದವರು. 1963ರ ಜುಲೈಯಲ್ಲಿ, ಹೆಣ್ಣುಮಗುವೊಂದನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡರು. ಆದುದರಿಂದ 'ಬೆಳ್ಳಿಮೋಡ'ವನ್ನಾಗಲಿ 'ಶರಪಂಜರ'ವನ್ನಾಗಲಿ ಅವರು ಬೆಳ್ಳಿತೆರೆಯ ಮೇಲೆ ಕಾಣಲಿಲ್ಲ. ನಮ್ಮ ಸೀಮೆಯವರಿಗೆ ವಿಶೇಷವೆನಿಸಬಹುದಾದ ಸಂಗತಿಯೊಂದಿದೆ: ಪುಟ್ಟಣ್ಣನವರು ತ್ರಿವೇಣಿಯವರನ್ನು ಕನ್ನಡ ತೆರೆಗೆ ತರುವ ಮುನ್ನವೇ ಮಲಯಾಳದ ತೆರೆಗೆ ತಂದಿದ್ದರು. 1966ರ 'ಪೂಚ್ಚಕ್ಕಣ್ಣಿ' ಎಂಬ ಮಲಯಾಳ ಚಿತ್ರಕ್ಕೆ ಆಧಾರ ತ್ರಿವೇಣಿಯವರ 'ಬೆಕ್ಕಿನ ಕಣ್ಣು'. ಹೆಸರೂ ಅದೇ ಅರ್ಥದ್ದು. ಪಕ್ಕದ ಮನೆಯವರು ನಮ್ಮವರ ಕಥೆಯನ್ನು ನಮಗಿಂತ ಒಂದು ವರ್ಷ ಮೊದಲೇ ಅದೇ ನಿರ್ದೇಶಕನ ಕೈಯಿಂದ ಪಡೆದರೆಂದು ನೆನೆದಾಗ ನಮಗೆ ನಗುವೂ ಬಂದಿತು, ತುಸು ಅಸೂಯೆಯೂ ಆಯಿತು.

ಇನ್ನು 'ಬೆಳ್ಳಿಮೋಡ'. ಚಿಕ್ಕಮಗಳೂರಿನ ಕಾಫಿತೋಟದ ಸಿರಿವಂತರ ಒಬ್ಬಳೇ ಮಗಳು ಇಂದಿರಾ. ಅವಳೊಡನೆ ಮದುವೆ ನಿಶ್ಚಯವಾದ ಮೋಹನನು ಆಕೆಯ ತಂದೆಯ ಹಣದಿಂದಲೇ ಅಮೆರಿಕೆಗೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರೆಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಹಕ್ಕುದಾರ ಬಂದನೆಂದೊಡನೆ ಮೋಹನನ ಪ್ರೀತಿಯೂ ತಣ್ಣಗಾಗುತ್ತದೆ. ಮುಂದೆ ಅಪಘಾತಕ್ಕೆ ಒಳಗಾದ ಅವನನ್ನು ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಆಗ ಅವನ ಮನಸ್ಸು ಕರಗಿ, ಮದುವೆಯಾಗೋಣವೆನ್ನುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಕಿರಿಯಳು ತನ್ನ ಪುಸ್ತಕದಲ್ಲಿ ಮೋಹನನ ಪ್ರೀತಿಯನ್ನು ಒಂದು ಸಮೀಕರಣವಾಗಿಯೇ ಬರೆದಿದ್ದಳು: ಇಂದಿರಾ ಕೂಡಿಸು ತೋಟ ಸಮ ಪ್ರೀತಿ; ತೋಟವನ್ನು ಕಳೆದರೆ ಉಳಿಯುವುದು ಸೊನ್ನೆ.

ಈ ಚಿತ್ರದಲ್ಲಿ ಬೇಂದ್ರೆಯವರ 'ಬೆಳಗು' ಕವನವು ಹಾಡಾಗಿ ಬರುತ್ತದೆ. ತರಗತಿಯಲ್ಲಿ ಆ ಕವನವನ್ನು ಪಾಠ ಮಾಡಿದ ಹಿರಿಯಳು ಅದರ ಬಗ್ಗೆಯೇ ಅರ್ಧ ಪುಟದ ಮುಕ್ಕಾಲನ್ನು ತುಂಬಿದ್ದಳು. ಮೂಡಣದ ಬೆಳಕನ್ನು ಹಾಡುವ ಕವನವನ್ನು ಇನ್ನೂ ಯಾವ ಪೆಟ್ಟನ್ನೂ ತಿನ್ನದ ಹುಡುಗಿಯ ಕಥೆಯಲ್ಲಿರಿಸಿ, ಅವಳ ಬಾಳಿಗೆ ಮೋಡ ಕವಿದ ಮೇಲೆ ಅದೇ ಬೆಟ್ಟಗಳನ್ನೂ ಅದೇ ಮಂಜನ್ನೂ ಮತ್ತೆ ನಮ್ಮ ಮುಂದಿಡುವುದು ನಮ್ಮ ಆಲಂಕಾರಿಕರು ಹೇಳುವ ಧ್ವನಿಯಲ್ಲದೆ ಬೇರಲ್ಲ ಎಂಬುದು ಅವಳ ಅಭಿಮತ. ಕಿರಿಯಳು ಇದನ್ನು ಒಪ್ಪಲಿಲ್ಲ. 'ಅಕ್ಕಾ, ನೀನು ಕವನವನ್ನು ನೋಡುತ್ತಿದ್ದೆ, ಇಂದಿರೆಯನ್ನು ನೋಡಲಿಲ್ಲ. ಪ್ರೇಕ್ಷಕರೂ ಹಾಗೆಯೇ. ಹಾಡು ನೆನಪಿರುತ್ತದೆ, ಆ ಹುಡುಗಿ ಒಲ್ಲೆನೆಂದದ್ದು ಎಷ್ಟು ಮಂದಿಗೆ ನೆನಪಿದೆ?' ಎಂದು ಕೇಳಿದಳು.

ಪ್ರಶ್ನೆಯು ಇಂದಿರೆಯ ನಿರಾಕರಣೆಯತ್ತ ತಿರುಗಿದ್ದು ಹೀಗೆ. ಅದು ಅಭಿಮಾನವೇ, ಸೇಡೇ? ಹಿರಿಯಳ ಮತದಂತೆ ಅದರಲ್ಲಿ ನೋವಿನ ಹಟವೂ ಸ್ವಲ್ಪ ಬೆರೆತಿದೆ. ನಿಜವಾಗಿಯೂ ಪಶ್ಚಾತ್ತಾಪಪಟ್ಟವನನ್ನು ಕ್ಷಮಿಸುವುದೂ ದೊಡ್ಡ ಗುಣವೇ ಅಲ್ಲವೆ? ಕಿರಿಯಳ ಉತ್ತರವು ಗಣಿತದವರ ಉತ್ತರ. 'ಕ್ಷಮಿಸಿದ್ದಾಳಲ್ಲ! ಕ್ಷಮಿಸದವಳು ಶುಶ್ರೂಷೆ ಮಾಡುತ್ತಿರಲಿಲ್ಲ. ಕ್ಷಮಿಸುವುದು ಒಂದು ಲೆಕ್ಕ, ಮದುವೆಯಾಗುವುದು ಇನ್ನೊಂದು ಲೆಕ್ಕ. ನೀವೆಲ್ಲ ಎರಡನ್ನೂ ಕೂಡಿಸಿಬಿಡುತ್ತೀರಿ.' ಈ ಮಾತಿಗೆ ಹಿರಿಯಳು ಆ ದಿನ ಎದುರಾಡಲಿಲ್ಲ. ನಮ್ಮ ಮಟ್ಟಿಗೆ, ಈ ಚಿತ್ರದ ಹಿರಿಮೆಯು ಅದರ ಬೆಟ್ಟಗಳಲ್ಲಿಯೂ ಹಾಡುಗಳಲ್ಲಿಯೂ ಇರುವುದಕ್ಕಿಂತ ಹೆಚ್ಚಾಗಿ ಕ್ಷಮೆಯನ್ನೂ ಒಪ್ಪಿಗೆಯನ್ನೂ ಬೇರ್ಪಡಿಸಿದ ಈ ಒಂದು ತಿಳಿವಿನಲ್ಲಿದೆ. ಮದುವೆಯ ಊಟದೊಂದಿಗೆ ಮುಗಿಯುವ ಚಿತ್ರಗಳಿಗೆ ಒಗ್ಗಿಹೋದ ಪ್ರೇಕ್ಷಕರ ಮುಂದೆ 1967ರಲ್ಲಿ ಹೀಗೊಂದು ಮುಕ್ತಾಯವನ್ನು ಇಟ್ಟದ್ದು ಸಾಮಾನ್ಯ ಧೈರ್ಯವಲ್ಲ.

'ಶರಪಂಜರ'ವನ್ನು ನೋಡಿದ ರಾತ್ರಿ ಮಾತನಾಡಕೂಡದೆಂಬ ಕಟ್ಟಳೆಯನ್ನು ಪಾಲಿಸುವುದು ನಮಗೆ ಕಷ್ಟವೇ ಆಗಲಿಲ್ಲ. ಇಬ್ಬರಿಗೂ ಮಾತು ಬರಲಿಲ್ಲ. ಕಾವೇರಿಯ ಕಥೆಯನ್ನು ಬಲ್ಲವರು ಬಹಳ. ಪ್ರೀತಿಸಿದ ಪತಿ, ತುಂಬಿದ ಸಂಸಾರ, ಎರಡನೆಯ ಹೆರಿಗೆಯ ತರುವಾಯ ಬುದ್ಧಿಭ್ರಮಣೆ, ಆಸ್ಪತ್ರೆ, ಗುಣವಾಗಿ ಮನೆಗೆ ಮರಳುವಿಕೆ. ಮರಳಿದವಳನ್ನು ಯಾರೂ ಹಿಂದಿನಂತೆ ಕಾಣುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಪತಿಗೆ ಬೇರೊಬ್ಬ ಸ್ತ್ರೀಯ ಸಂಬಂಧವಿರುವುದು ಗೊತ್ತಾದಾಗ ಅವಳು ಮತ್ತೆ ಕುಸಿದುಬೀಳುತ್ತಾಳೆ. ನಮ್ಮ ಅಜ್ಜಿಯಂದಿರು ಬಾಣಂತಿಸನ್ನಿಯೆಂದು ಕರೆಯುತ್ತಿದ್ದ ಈ ಕಾಹಿಲೆಯು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ತೋರುವಂಥದು. ತಕ್ಕ ಚಿಕಿತ್ಸೆಯಿಂದ ವಾಸಿಯಾಗುವಂಥದು. ಇದನ್ನು ದೆವ್ವವೆಂದೋ ಶಾಪವೆಂದೋ ಹೇಳದೆ ಕಾಹಿಲೆಯೆಂದೇ ಹೇಳಿದ ತ್ರಿವೇಣಿಯವರಿಗೆ ನಾವು ಋಣಿಗಳು.

ಮರುದಿನ ಪುಸ್ತಕಗಳನ್ನು ಬದಲಿಸಿಕೊಂಡಾಗ ಭೇದವು ಎದ್ದು ಕಂಡಿತು. ಹಿರಿಯಳು ಕಲ್ಪನಾ ಅವರ ಅಭಿನಯವನ್ನು ಎತ್ತಿ ಹೇಳಿದ್ದಳು. ಕೊನೆಯ ಭಾಗದಲ್ಲಿ ಆ ನಗೆ, ಆ ಅಳು, ಆ ಕಣ್ಣುಗಳು; ಕರುಣರಸಕ್ಕೆ ಇದಕ್ಕಿಂತ ಮೇಲಾದ ನಿದರ್ಶನವನ್ನು ಕನ್ನಡ ಚಿತ್ರಗಳಲ್ಲಿ ತಾನು ಕಂಡಿಲ್ಲವೆಂದು ಬರೆದಿದ್ದಳು. ಕಿರಿಯಳ ಪುಸ್ತಕದಲ್ಲಿ ಅಭಿನಯದ ಸುದ್ದಿಯೇ ಇರಲಿಲ್ಲ. ಅವಳು ಬರೆದದ್ದು ಇಷ್ಟು: 'ಕಾವೇರಿ ಮನೆಗೆ ಮರಳಿದಾಗ ಆರೋಗ್ಯವಾಗಿದ್ದಾಳೆ. ಕೊನೆಯಲ್ಲಿ ಆರೋಗ್ಯ ಕೆಟ್ಟಿದೆ. ನಡುವೆ ನಡೆದುದಷ್ಟೂ ಇತರರು ಮಾಡಿದ್ದು. ಆದರೆ ಚಿತ್ರವು ಕೊನೆಗೆ ನಮಗೆ ಯಾರನ್ನು ತೋರಿಸುತ್ತದೆ? ಕಾವೇರಿಯನ್ನೇ. ಮಾಡಿದವರನ್ನಲ್ಲ.'

ಹಿರಿಯಳಿಗೆ ಇದು ಅನ್ಯಾಯವೆನಿಸಿತು. ದುರಂತದಲ್ಲಿ ನೊಂದವಳನ್ನು ತೋರಿಸದೆ ನೋಯಿಸಿದವರನ್ನು ತೋರಿಸುವುದಕ್ಕಾಗುತ್ತದೆಯೆ? ಪ್ರೇಕ್ಷಕನ ಕಣ್ಣೀರು ಕಾವೇರಿಗಾಗಿ ಹರಿದಾಗಲೇ ಪತಿಯ ಮೇಲೆ ಕೋಪವೂ ಹುಟ್ಟುವುದಲ್ಲವೆ? ಕಿರಿಯಳು ರಿಮೋಟನ್ನು ಕೈಗೆತ್ತಿಕೊಂಡು ಚಿತ್ರವನ್ನು ಹಿಂದಕ್ಕೆ ಓಡಿಸಿದಳು. (ಹಿರಿಯಳಿಗೆ ಈ ಅಭ್ಯಾಸ ಸ್ವಲ್ಪವೂ ಹಿಡಿಸದು, ಹರಿಯುವ ಹೊಳೆಯನ್ನು ಕೊಡದಲ್ಲಿ ಹಿಡಿದಂತೆ ಎಂದು ಅವಳ ದೂರು. ಆದರೆ ಚಿತ್ರಮಂದಿರದಲ್ಲಿ ಒಮ್ಮೆ ಮಾತ್ರ ನೋಡುತ್ತಿದ್ದ ಹಿಂದಿನವರಿಗಿಲ್ಲದ ಈ ಅನುಕೂಲವನ್ನು ಬಿಡುವುದು ಜಾಣತನವಲ್ಲವೆಂದು ಕಿರಿಯಳು.) ಹೀಗೆ ಮರಳಿ ನೋಡಿದಾಗ ನಮ್ಮಿಬ್ಬರಿಗೂ ಒಂದು ಸಂಗತಿ ಸ್ಪಷ್ಟವಾಯಿತು. ಆಸ್ಪತ್ರೆಯಿಂದ ಬಂದ ತರುವಾಯದ ಭಾಗದಲ್ಲಿ ಕಾವೇರಿಯು ಸುಮ್ಮನಿರುವಾಗ ಕಲ್ಪನಾ ಅವರ ಮುಖದಲ್ಲಿ ಕಾಣುವ ಅಂಜಿಕೆ, 'ನಾನು ಈಗ ಸರಿಯಾಗಿ ನಡೆದುಕೊಂಡೆನೆ?' ಎಂದು ಎದುರಿನವರ ಕಣ್ಣಿನಲ್ಲಿ ಉತ್ತರ ಹುಡುಕುವ ಆ ನೋಟ, ಕೊನೆಯ ಅಬ್ಬರಕ್ಕಿಂತ ಹೆಚ್ಚಿನ ಅಭಿನಯ. ಹೆಚ್ಚಿನವರು ಹೊಗಳುವುದು ಅಬ್ಬರವನ್ನು. ಆಕೆಯನ್ನು ಅನುಕರಿಸಿ ನಗಿಸುವವರು ಅನುಕರಿಸುವುದೂ ಅದನ್ನೇ. ಕಲಾವಿದೆಗೆ ಸಲ್ಲಬೇಕಾದ ಮೆಚ್ಚುಗೆಯು ಈ ಕಾರಣದಿಂದ ತಪ್ಪು ಸ್ಥಳಕ್ಕೆ ಸಂದಿದೆಯೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಈ ಚಿತ್ರದಲ್ಲಿಯೂ ಬೇಂದ್ರೆಯವರ ಕವನವೊಂದಿದೆ. ಅದರ ಬಗ್ಗೆ ಹಿರಿಯಳು ಈ ಸಲ ಏನನ್ನೂ ಬರೆಯಲಿಲ್ಲ.

ಆ ವಾರ ನಮ್ಮ ಮನೆಗೆ ಬಂದಿದ್ದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಚರ್ಚೆಯನ್ನು ಕೇಳುತ್ತಿದ್ದಳು. ಎರಡು ಚಿತ್ರಗಳನ್ನೂ ಅವಳು ನಮ್ಮೊಂದಿಗೆ ನೋಡಿದ್ದಳು. ಕಾವೇರಿಯೇಕೆ ಇಂದಿರೆಯಂತೆ ಗಟ್ಟಿಯಾಗಿ ನಿಲ್ಲಲಿಲ್ಲ, ತ್ರಿವೇಣಿಯವರು ಒಬ್ಬಳಿಗೆ ಕೊಟ್ಟ ಬಲವನ್ನು ಇನ್ನೊಬ್ಬಳಿಗೇಕೆ ಕೊಡಲಿಲ್ಲ ಎಂದು ನಾವು ವಾದಿಸುತ್ತಿದ್ದಾಗ ಅವಳು ಮೆಲ್ಲನೆ, 'ಟೀಚರ್, ಇಂದಿರಾ ಬೇಡ ಅಂದಾಗ ಅದನ್ನು ಎಲ್ಲರೂ ನಂಬಿದರಲ್ಲ. ಕಾವೇರಿ ಏನು ಹೇಳಿದರೂ ಹುಚ್ಚಿ ಹೇಳುವುದು ಅಂತ ಆಗ್ತದೆ. ಮತ್ತೆ ಅವಳು ಹೇಗೆ ಬೇಡ ಅನ್ನುವುದು?' ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಈ ಮಾತು ನಮ್ಮ ವಿಚಾರದ ದಾರಿಯನ್ನೇ ಬದಲಿಸಿತೆಂದರೆ ಅತಿಶಯೋಕ್ತಿಯಾಗಲಾರದು. ಅದುವರೆಗೆ ನಾವು ಆಡುವವಳ ಬಲವನ್ನು ಅಳೆಯುತ್ತಿದ್ದೆವು. ಕೇಳುವವರ ಕಿವಿಯನ್ನು ಅಳೆದಿರಲಿಲ್ಲ. 'ಒಲ್ಲೆ' ಎಂಬ ಮಾತಿಗೆ ಆಡುವ ಬಾಯಿಯಷ್ಟೇ ಅವಶ್ಯವಾದುದು ಅದನ್ನು ಮಾತೆಂದು ಎಣಿಸುವ ಕಿವಿ. ಇಂದಿರೆಗೆ ಅದು ಇದೆ. ತೋಟವು ತಮ್ಮನ ಪಾಲಾದರೂ ಅವಳು ಆ ಮನೆಯ ಮಗಳು, ಅವಳ ಮಾತಿಗೆ ಬೆಲೆಯಿದೆ. ಕಾವೇರಿಯು 'ನಾನು ಗುಣವಾಗಿದ್ದೇನೆ' ಎಂದಷ್ಟೂ ಅದು ಗುಣವಾಗದುದರ ಲಕ್ಷಣವೆಂದು ತೋರುತ್ತದೆ. ಗಟ್ಟಿಯಾಗಿ ಹೇಳಿದರೆ ಉನ್ಮಾದ, ಸುಮ್ಮನಿದ್ದರೆ ಖಿನ್ನತೆ. ಪಂಜರವೆಂಬ ಹೆಸರು ಎಷ್ಟು ಸಾರ್ಥಕವೆಂಬುದು ನಮಗೆ ಆಗಲೇ ಹೊಳೆದದ್ದು: ಬಾಣಗಳಿಂದಲೇ ಕಟ್ಟಿದ ಪಂಜರದಲ್ಲಿ ಯಾವ ಕಡೆಗೆ ಸರಿದರೂ ಚುಚ್ಚುವುದೇ.

'ಗೆಜ್ಜೆಪೂಜೆ'ಯನ್ನು ನಾವು ಈ ಬೆಳಕಿನಲ್ಲಿಯೇ ನೋಡಿದೆವು. ವೇಶ್ಯಾವೃತ್ತಿಯ ಮನೆತನದಲ್ಲಿ ಹುಟ್ಟಿದ ಚಂದ್ರಾ ಓದಬೇಕು, ಮದುವೆಯಾಗಿ ಎಲ್ಲರಂತೆ ಸಂಸಾರ ಹೂಡಬೇಕು ಎನ್ನುವವಳು. ಹುಟ್ಟಿದ ಮನೆಯ ಹೆಸರು ಅವಳನ್ನು ಬಿಡುವುದಿಲ್ಲ. ಕೊನೆಗೆ ಗೆಜ್ಜೆಪೂಜೆಗೆ ತಲೆಬಾಗಿ, ಪ್ರಾಣವನ್ನೇ ಬಿಡುತ್ತಾಳೆ. ಈ ಚಿತ್ರದ ವಿಷಯದಲ್ಲಿ ನಮ್ಮ ಭೇದ ದೊಡ್ಡದಲ್ಲ. ಹಿರಿಯಳಿಗೆ ಆ ಸಾವು ಸಮಾಜದ ಮೇಲಿನ ಆರೋಪಪತ್ರದಂತೆ ಕಂಡಿತು. ಕಿರಿಯಳಿಗೆ, ಚಿತ್ರವು ಉತ್ತರಿಸಬೇಕಾದ ಪ್ರಶ್ನೆಯಿಂದ ತಪ್ಪಿಸಿಕೊಂಡಂತೆ. ಸತ್ತವಳಿಗಾಗಿ ಅತ್ತ ಪ್ರೇಕ್ಷಕನು ನಾಳೆ ಅಂಥ ಮನೆಯ ಹುಡುಗಿಯೊಬ್ಬಳು ಬದುಕಿ ಅವನ ಓಣಿಯಲ್ಲಿಯೇ ಮನೆ ಮಾಡಿದರೆ ಏನು ಮಾಡಿಯಾನು? ಚಿತ್ರವು ಅವನನ್ನು ಇದನ್ನು ಕೇಳುವುದಿಲ್ಲ. ಅವನು ಕಣ್ಣೊರಸಿಕೊಂಡು ಹಗುರಾಗಿ ಮನೆಗೆ ಹೋಗುತ್ತಾನೆ. ಇದನ್ನು ಹಿರಿಯಳೂ ಅರ್ಧಕ್ಕಿಂತ ಹೆಚ್ಚಾಗಿ ಒಪ್ಪಿದಳು.

ಪುಟ್ಟಣ್ಣನವರ ಈ ಮೂರರ ಬಳಿಕ 'ಫಣಿಯಮ್ಮ'ನ ಮುಂದೆ ಕುಳಿತರೆ, ಸಂತೆಯಿಂದ ನೇರವಾಗಿ ದೇವರ ಕೋಣೆಗೆ ಬಂದಂತಾಗುತ್ತದೆ. ಇಂದಿರಾ ಅವರು ಈ ಕಾದಂಬರಿಯನ್ನು ಬರೆದದ್ದು ತಮ್ಮ ಬಂಧುವೇ ಆಗಿದ್ದ ವೃದ್ಧೆಯೊಬ್ಬರ ನಿಜಜೀವನದ ಆಧಾರದ ಮೇಲೆ. ಆಕೆ ತನ್ನ ಬಾಳನ್ನು ಲೇಖಕಿಯ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು. ಹೆಂಗಸಿನಿಂದ ಹೆಂಗಸಿಗೆ ಒಳಮನೆಯ ಮಾತಾಗಿಯೇ ಬಂದ ಕಥೆ 1976ರಲ್ಲಿ ಪುಸ್ತಕವಾಯಿತು. ಏಳು ವರ್ಷಗಳ ತರುವಾಯ ಹೆಂಗಸೊಬ್ಬರ ಕೈಯಲ್ಲಿಯೇ ಚಿತ್ರವಾಯಿತು. ಮಲೆನಾಡಿನ ಹುಡುಗಿ ಫಣಿಗೆ ಬಾಲ್ಯದಲ್ಲಿಯೇ ಮದುವೆ. ಹುಡುಗ ಗಂಡ ಹಾವು ಕಚ್ಚಿ ಸಾಯುತ್ತಾನೆ. ಆಮೇಲೆ ಬೋಳಿಸಿದ ತಲೆ, ಕೆಂಪು ಸೀರೆ, ಎಣಿಸಲಾರದಷ್ಟು ವರ್ಷಗಳ ದುಡಿಮೆ. ದೊಡ್ಡ ಫಣಿಯಮ್ಮನ ಪಾತ್ರದಲ್ಲಿ ಎಲ್. ವಿ. ಶಾರದಾ. 1971ರ 'ವಂಶವೃಕ್ಷ'ದಲ್ಲಿ ವಿಧವೆ ಕಾತ್ಯಾಯನಿಯಾಗಿ ಅವರನ್ನು ಕಂಡವರಿಗೆ ಇಲ್ಲಿನ ಅವರ ಸಂಯಮವು ಇನ್ನಷ್ಟು ಹಿರಿದಾಗಿ ತೋರೀತು.

ಈ ಚಿತ್ರದಲ್ಲಿ ಕಿರುಚಾಟವಿಲ್ಲ, ದೀರ್ಘ ಭಾಷಣವಿಲ್ಲ. ವಿದ್ಯಾರ್ಥಿಗಳಿಗೆ ಮೊದಮೊದಲು ಬೇಸರವೆನಿಸಬಹುದೆಂದು ನಾವು ಅಂಜಿದ್ದೆವು. ಆದರೆ ದಾಕ್ಷಾಯಿಣಿಯ ಪ್ರಸಂಗ ಬಂದಾಗ ನಮ್ಮೊಂದಿಗಿದ್ದ ಆ ಹುಡುಗಿಯು ಮುಂದಕ್ಕೆ ಬಾಗಿ ಕುಳಿತಳು. ಎಳೆಯ ಪ್ರಾಯದ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಮನೆಯವರೂ ಊರವರೂ ಅವಳ ಮೇಲೆ ಮುರಿದು ಬಿದ್ದಿರುವಾಗ, ಎಲ್ಲ ಆಚಾರವನ್ನೂ ಚಾಚೂ ತಪ್ಪದೆ ನಡೆಸಿಕೊಂಡು ಬಂದ ಫಣಿಯಮ್ಮನೇ ಅವಳ ಪಕ್ಷ ವಹಿಸುತ್ತಾಳೆ.

ಹಿರಿಯಳು ಇದನ್ನು ನಾಲ್ಕು ಚಿತ್ರಗಳಲ್ಲಿಯೇ ಅತ್ಯಂತ ದೊಡ್ಡ ಕ್ಷಣವೆಂದು ಬರೆದಿದ್ದಳು. ತನಗೆ ಆಡಲಾಗದೆ ಹೋದ 'ಒಲ್ಲೆ'ಯನ್ನು ಇನ್ನೊಬ್ಬಳ ಬಾಯಿಂದ ಕೇಳಿದಾಗ ಫಣಿಯಮ್ಮ ಅದನ್ನು ಗುರುತಿಸುತ್ತಾಳೆ. ಆ ಮಾತಿಗೆ ಕಿವಿಯಾಗುತ್ತಾಳೆ. ಕಾವೇರಿಗೆ ಸಿಗದ ಕಿವಿ, ಚಂದ್ರೆಗೆ ಸಿಗದ ಕಿವಿ. ಮೇಲಾಗಿ ಫಣಿಯಮ್ಮನ ಮಾತಿಗೆ ಊರು ಬೆಲೆ ಕೊಡದಿರಲಾರದು, ಏಕೆಂದರೆ ಅವಳನ್ನು ಪುಣ್ಯಾತ್ಮಳೆಂದು ಹೊಗಳಿದ್ದು ಅದೇ ಊರು.

ಕಿರಿಯಳ ಪುಸ್ತಕದಲ್ಲಿ ಈ ಸಲ ಅರ್ಧ ಪುಟವೂ ತುಂಬಿರಲಿಲ್ಲ. 'ಒಬ್ಬ ಹುಡುಗಿಯ ಪರವಾಗಿ ಒಂದು ಮಾತನ್ನಾಡುವ ಅಧಿಕಾರ ಸಿಗಬೇಕಾದರೆ ಫಣಿಯಮ್ಮ ಕೂದಲನ್ನೂ ಬಾಲ್ಯವನ್ನೂ ಇಡೀ ಆಯುಷ್ಯವನ್ನೂ ಕೊಡಬೇಕಾಯಿತು. ಬೆಲೆ ಹೆಚ್ಚಾಯಿತು' ಎಂದಷ್ಟೇ ಇತ್ತು. ಹಿರಿಯಳು ಅದರ ಕೆಳಗೆ ತನ್ನ ಅಕ್ಷರದಲ್ಲಿ, 'ಹೌದು, ಆದರೆ ಕೊಟ್ಟ ಮೇಲೆ ಆ ಅಧಿಕಾರವನ್ನು ತನಗಾಗಿ ಇಟ್ಟುಕೊಳ್ಳಲಿಲ್ಲ' ಎಂದು ಬರೆದು ಹಿಂದಿರುಗಿಸಿದಳು. ಕಿರಿಯಳು ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆ ವಿದ್ಯಾರ್ಥಿನಿಯು ಎರಡು ಪುಸ್ತಕಗಳನ್ನೂ ಓದುವುದಕ್ಕೆಂದು ಕೇಳಿ ತೆಗೆದುಕೊಂಡು ಹೋಗಿದ್ದಾಳೆ. ಉಳಿದ ಹಾಳೆಗಳಲ್ಲಿ ತಾನೂ ಬರೆಯಬಹುದೇ ಎಂದು ಕೇಳಿದಳು, ಬರೆಯೆಂದು ಹೇಳಿದ್ದೇವೆ.